ಕೆಲ್ವಿಕ್ ಗುಡ್ಡಕ್ಕೆ ಮಾರಿದ ಕೂಸುಗಳು

ಮೊಳಕಾಲ್ಮೂರಿನಿಂದ ರಾಯದುರ್ಗದ ಕಡೆಗೆ ಹೋಗುವಾಗ ಕರೆಕಲ್ಲಹಟ್ಟಿ ಕ್ರಾಸಿನಲ್ಲಿ ಬಸ್ಸಿಳಿದು ಎಡಕ್ಕೆ ತಿರುಗಿದರೆ ಒಂಟಿ ಗುಡ್ಡವೊಂದು ಕಾಣುತ್ತದೆ. ಸುತ್ತಲಿನ ಗುಡ್ಡಗಳ ನೆತ್ತಿಯ ಮೇಲೆಲ್ಲ ಈಗ ಗಾಳಿಯಂತ್ರಗಳು ತಿರುಗುತ್ತಿವೆ. ಇದರ ಮೇಲೆ ಮಾತ್ರ ಇಲ್ಲ. ಗೂಟ ಹೊಡೆಯಲು ಬಂದ ಕಂಪನಿಯವರನ್ನು ನಮ್ಮ ಹೆಂಗಸರು ಬೈದು ಇಳಿಸಿ ಕಳಿಸಿದರು. ಕಾರೆ, ಬಂದರಿಕೆ, ಸೀತಾಫಲದ ಗಿಡಗಳ ನಡುವಿನ ಕಾಲುದಾರಿಯಲ್ಲಿ ಮುಕ್ಕಾಲು ಗಂಟೆ ಏರಿದರೆ ತುದಿಯಲ್ಲಿ ಒಂದಾಳುದ್ದದ ಕಲ್ಲುಗುಪ್ಪೆ ಇದೆ. ಮೂರ್ತಿಯಿಲ್ಲ, ಗಂಟೆಯಿಲ್ಲ, ಪೂಜಾರಿಯೂ ಇಲ್ಲ. ಕಲ್ಲಿಗೆ ಕುಂಕುಮ ಕೂಡ ಹಚ್ಚುವುದಿಲ್ಲ. ಗುಪ್ಪೆಯ ಬುಡದಲ್ಲೊಂದು ಚಪ್ಪಟೆ ಬಂಡೆ, ಅದರ ಮೇಲೆ ಯಾರೋ ಇಟ್ಟುಹೋದ ಹಿಡಿ ತೌಡು. ಅರಣ್ಯ ಇಲಾಖೆಯವರು ಗುಡ್ಡದ ಬುಡದಲ್ಲಿ ಹಸಿರು ಬೋರ್ಡು ನೆಟ್ಟು ಬಿಳಿ ಅಕ್ಷರದಲ್ಲಿ ‘ಕೆಲ್ವಿಕ್ ಗುಡ್ಡ’ ಎಂದು ಬರೆಸಿದ್ದಾರೆ. ಬಂದವರು ಮೊದಲು ಬೋರ್ಡು ಓದಿ ನಗುತ್ತಾರೆ, ಆಮೇಲೆ ಇದೆಂಥ ಹೆಸರಪ್ಪಾ ಎಂದು ಯಾರನ್ನಾದರೂ ಕೇಳುತ್ತಾರೆ. ಕೇಳಿಸಿಕೊಂಡವರು ನನ್ನ ಮನೆ ತೋರಿಸುತ್ತಾರೆ. ನಾನು ಪಾಲಯ್ಯ ಕೆಲ್ವಿಕ್, ಮೂವತ್ತೊಂದು ವರ್ಷ ಈ ಸೀಮೆಯಲ್ಲಿ ಅಂಚೆ ಹಂಚಿದವನು. ನಗುವವರು ನನ್ನೆದುರಿಗೂ ಒಂದು ಸಲ ನಕ್ಕುಬಿಡಲಿ, ಆಮೇಲೆ ಕೂತು ಕೇಳಲಿ.

ಗುಡ್ಡದ ಸುತ್ತಿನ ಒಂಬತ್ತು ಊರುಗಳಲ್ಲಿ ಕೆಲ್ವಿಕ್ ಎಂಬ ಅಡ್ಡಹೆಸರಿನವರು ಇನ್ನೂರ ಹದಿನಾರು ಮಂದಿ ಇದ್ದೇವೆ. ಎಣಿಸಿದವನು ನಾನೇ, ಕಾಗದ ಹಂಚುವವನಿಗಿಂತ ಚೆನ್ನಾಗಿ ಹೆಸರು ಬಲ್ಲವರು ಯಾರು? ಶೇಂಗಾ ಮಿಲ್ಲಿನ ತಿಪ್ಪೇಸ್ವಾಮಿ ಕೆಲ್ವಿಕ್, ಅಂಗನವಾಡಿಯ ಗುಂಡಮ್ಮ ಕೆಲ್ವಿಕ್, ಮದುವೆಗಳಿಗೆ ಬ್ಯಾಂಡು ಬಾರಿಸುವ ದಾದಾಪೀರ್ ಕೆಲ್ವಿಕ್. ನಾಯಕರಲ್ಲಿದ್ದಾರೆ, ಗೊಲ್ಲರಲ್ಲಿದ್ದಾರೆ, ಲಿಂಗಾಯತರಲ್ಲಿ ಎರಡು ಮನೆ, ಸಾಬರಲ್ಲಿ ಐದು ಮನೆ. ಕ್ರೈಸ್ತರಲ್ಲಿ ಮಾತ್ರ ಒಂದು ಮನೆಯೂ ಇಲ್ಲ. ಹೊಸದಾಗಿ ಬಂದ ಅಂಚೆ ಮಾಸ್ತರರೊಬ್ಬರು ‘ದ್ಯಾಮಕ್ಕ ಕೆಲ್ವಿಕ್’ ಎಂಬ ವಿಳಾಸ ನೋಡಿ, ಯಾರೋ ಪೋಲಿಗಳು ತಮಾಷೆಗೆ ಬರೆದಿದ್ದಾರೆಂದು ಕಾಗದವನ್ನು ಪಕ್ಕಕ್ಕಿಟ್ಟಿದ್ದರು. ನಾನು ನನ್ನ ಹೆಸರನ್ನು ಪೂರ್ತಿ ಹೇಳಿದ ಮೇಲೆ ಮುಖ ಕೆಂಪಗೆ ಮಾಡಿಕೊಂಡು ಕೊಟ್ಟರು. ಈ ಹೆಸರು ಹುಟ್ಟಿದ ಇಂಗ್ಲೆಂಡಿನಲ್ಲಿ ಈಗ ಇದನ್ನು ಹೊತ್ತವರು ಮೂವರೇ ಅಂತೆ, ಮೂವರೂ ಮುದುಕರು, ಮೂವರಿಗೂ ಮಕ್ಕಳಿಲ್ಲ. ಅಲ್ಲಿ ಹೆಸರು ಅಪ್ಪನಿಂದ ಬರುತ್ತದೆ. ನಮ್ಮಲ್ಲಿ ಅಪ್ಪನಿಂದಲೂ ಬರುತ್ತದೆ, ಸಾವಿನ ಹೆದರಿಕೆಯಿಂದಲೂ ಬರುತ್ತದೆ. ನನಗೆ ಬಂದದ್ದು ಎರಡನೆಯ ದಾರಿಯಲ್ಲಿ.

ಹಿಂದೆ ಒಮ್ಮೆ, ಕುಂಪಣಿ ಸರ್ಕಾರದವರು ನೆಲ ಅಳೆಯಲು ಹೊರಟ ಕಾಲದಲ್ಲಿ, ಈ ಗುಡ್ಡಕ್ಕೆ ಹೆಸರೇ ಇರಲಿಲ್ಲ ಎನ್ನುತ್ತಾರೆ. ದನ ಕಾಯುವವರು ‘ಆ ಗುಡ್ಡ’ ಎಂದು ಕೈ ತೋರಿಸುತ್ತಿದ್ದರು, ಅಷ್ಟೇ. ಅಲ್ಲಿಗೆ ಕೆಲ್ವಿಕ್ ಎಂಬ ದೊರೆ ಬಂದ. ಕಬ್ಬಿಣದ ಸರಪಳಿಗಳು, ಮುಕ್ಕಾಲಿಯ ಮೇಲೆ ಕೂರಿಸುವ ಹಿತ್ತಾಳೆಯ ದುರ್ಬೀನು, ಒಂದು ಕುದುರೆ, ನಲವತ್ತು ಆಳು, ಮಾತು ತಿಳಿಸಲು ನರಸಿಂಗರಾಯ ಎಂಬ ದುಭಾಷಿ. ದೂರದ ಗುಡ್ಡಗಳಿಂದ ಗುರಿ ಹಿಡಿದು ನೋಡಲು ಗುರುತಿರಲೆಂದು ತುದಿಯಲ್ಲಿ ಕಲ್ಲು ಪೇರಿಸಿದವನು ಅವನೇ. ದೊರೆ ಬಲು ಎತ್ತರದ ಆಳು. ಅವನ ನೆರಳಿನಲ್ಲಿ ಮೂವರು ಕೂತು ಬುತ್ತಿ ಉಣ್ಣಬಹುದಿತ್ತು ಎಂದು ನಮ್ಮ ಹಿರಿಯರು ಸ್ವಲ್ಪ ಹೆಚ್ಚಿಸಿಯೇ ಹೇಳುತ್ತಾರೆ. ನಗುತ್ತಿರಲಿಲ್ಲ, ಬೈಯುತ್ತಲೂ ಇರಲಿಲ್ಲ. ಅವನ ಊರಿನ ಹೆಸರೂ ಕೆಲ್ವಿಕ್ಕೇ ಅಂತೆ. ಕಡಲ ದಂಡೆಯ ಸಣ್ಣ ಊರು. ಕಡಲು ವರ್ಷಕ್ಕೊಂದು ಮನೆಯಂತೆ ಅದನ್ನು ತಿಂದುಹಾಕಿತು, ಕಡೆಗೆ ಹಿರಿಯರ ಗೋರಿಗಳನ್ನೂ ಬಿಡಲಿಲ್ಲ. ಅಣ್ಣತಮ್ಮಂದಿರು ಒಬ್ಬೊಬ್ಬರಾಗಿ ಸತ್ತರು. ಊರು ಹೋದ ಮೇಲೆ ಹೆಸರು ತನ್ನೊಬ್ಬನ ಮೇಲೆ ನಿಂತಿದೆ ಎಂದು ದೊರೆ ತಿಳಿದಿದ್ದ. ಎಲ್ಲೋ ದಾಯಾದಿಗಳ ಒಂದು ಕವಲು ಉಳಿದಿತ್ತು, ಅದು ಅವನಿಗೆ ಗೊತ್ತಿರಲಿಲ್ಲ.

ದೊರೆಯ ಸರಪಳಿ ಎಳೆಯುವ ಆಳುಗಳಲ್ಲಿ ಕರೆಕಲ್ಲಹಟ್ಟಿಯ ಸೂರಯ್ಯ ಒಬ್ಬ. ಅವನ ಹೆಂಡತಿ ಕಾಟವ್ವ. ಕಾಟವ್ವ ನಾಲ್ಕು ಹೆತ್ತು ನಾಲ್ಕನ್ನೂ ಹುಣಿಸೆಮರದ ಬುಡದಲ್ಲಿ ಹೂತಿದ್ದಳು. ಒಂದೂ ಅವಳನ್ನು ‘ಅವ್ವಾ’ ಎನ್ನುವಷ್ಟು ದೊಡ್ಡದಾಗಲಿಲ್ಲ. ಬೀದಿಯಲ್ಲಿ ಯಾರ ಮಕ್ಕಳೋ ಅವ್ವಾ ಎಂದು ಕೂಗಿದರೆ ಅವಳು ಕೈಯಲ್ಲಿದ್ದ ಕೆಲಸ ಬಿಟ್ಟು ತಿರುಗಿ ನೋಡುತ್ತಿದ್ದಳಂತೆ, ಆಮೇಲೆ ನಾಚಿಕೊಂಡು ತಲೆ ತಗ್ಗಿಸುತ್ತಿದ್ದಳಂತೆ. ಐದನೆಯದು ಗಂಡು ಹುಟ್ಟಿತು. ಇದನ್ನಾದರೂ ಉಳಿಸಿಕೊಳ್ಳಬೇಕೆಂದು ಅತ್ತೆ ಹಳೆಯ ಪದ್ಧತಿ ಹಿಡಿದಳು. ಕೂಸನ್ನು ಮೊರದಲ್ಲಿ ಮಲಗಿಸಿ ತಿಪ್ಪೆಯ ಮೇಲಿಟ್ಟು ತಾಯಿ ಬೆನ್ನು ತಿರುಗಿಸಿ ನಿಲ್ಲಬೇಕು. ಆ ದಾರಿಯಲ್ಲಿ ಮೊದಲು ಬಂದವರು ಹಿಡಿ ತೌಡು ಕೊಟ್ಟು ಕೊಂಡುಕೊಳ್ಳಬೇಕು, ತಮ್ಮ ಮನೆತನದ ಹೆಸರಿಡಬೇಕು. ಆಮೇಲೆ ತಾಯಿ ಅದನ್ನು ಪರರ ಕೂಸೆಂದು ಸಾಕಬೇಕು. ಕೂಸು ಅವಳನ್ನು ಅವ್ವ ಎನ್ನಬಾರದು, ಅಕ್ಕ ಎನ್ನಬೇಕು. ಸಾವು ಬಂದು ಕಾಟವ್ವನ ಮಗ ಯಾವನು ಎಂದರೆ, ಅವಳಿಗೆ ಮಗನೆಲ್ಲಿದ್ದಾನೆ ಎನ್ನಬೇಕು ಊರು. ಮೂರನೆಯ ವರ್ಷ ಹುಟ್ಟುಗೂದಲು ತೆಗೆಸುವ ಜವಳದ ದಿನ ಕೊಂಡವರು ಅದೇ ತಿಪ್ಪೆಗೆ ಬಂದು ‘ನನ್ನದಲ್ಲ, ನಿನ್ನದೇ, ತಗೋ’ ಎಂದು ಮೂರು ಸಲ ಹೇಳಿ ತೌಡು ವಾಪಸು ಪಡೆದರೆ ಅಲ್ಲಿಗೆ ಗಂಡಾಂತರ ಕಳೆಯಿತು. ಹೇಳದೆ ಇದ್ದರೆ ಕೂಸು ಕೊಂಡವರದೇ. ಅಷ್ಟರಲ್ಲಿ ಬಾಯಿ ತಪ್ಪಿ ಅವ್ವ ಎಂದಿತೋ, ಕೂಸು ಯಾರದೆಂದು ಸಾವಿಗೆ ತಿಳಿದುಹೋಗುತ್ತದೆ.

ಮೊದಲು ಬಂದವರು ಎಂದರೂ ಯಾರು ಬರಬೇಕೆಂದು ಒಳಗೊಳಗೇ ಮಾತಾಗಿರುತ್ತದೆ. ಇಂಥ ವಿಷಯ ಯಾರಾದರೂ ದಾರಿಹೋಕರ ಮೇಲೆ ಬಿಡುತ್ತಾರೆಯೇ? ಹತ್ತು ಮಕ್ಕಳ ತಾಯಿ ಪಿಂಜಾರರ ಹುಸೇನವ್ವ ಬರುವುದೆಂದು ಮಾತಾಗಿತ್ತು. ಆ ಬೆಳಿಗ್ಗೆ ಹುಸೇನವ್ವನ ಮೇಕೆ ಮರಿ ಹಾಕಲು ಕಷ್ಟಪಡುತ್ತಿತ್ತು, ಅವಳು ತಡಮಾಡಿದಳು. ಗುಡ್ಡದಿಂದ ಇಳಿದು ಕುದುರೆಗೆ ನೀರು ಕುಡಿಸಲು ದೊರೆಯೇ ಬಂದ, ಹಿಂದೆ ದುಭಾಷಿ. ಕಾಟವ್ವ ಬೆನ್ನು ತಿರುಗಿಸಿ ನಿಂತಿದ್ದಳು, ಬಂದದ್ದು ಯಾರೆಂದು ಕಾಣಲಿಲ್ಲ. ಅತ್ತೆ ಹುಸೇನವ್ವನ ಮನೆಯ ಕಡೆ ನೋಡಿದಳು. ಆದರೆ ದಾರಿ ತುಳಿದಾಗಿತ್ತು, ಮೊದಲು ಬಂದವನು ಮೊದಲು ಬಂದವನೇ. ದುಭಾಷಿ ಮೇಲುನಾಡಿನ ಬ್ರಾಹ್ಮಣ, ಅವನಿಗೂ ಈ ಪದ್ಧತಿ ಗೊತ್ತಿರಲಿಲ್ಲ. ಈ ಹೆಂಗಸು ಒಂದು ಹಿಡಿ ತೌಡಿಗೆ ಕೂಸು ಮಾರುತ್ತಿದ್ದಾಳೆ ಎಂದಷ್ಟೇ ದೊರೆಗೆ ಹೇಳಿದ. ಹಸಿವು ತಾಳಲಾರದೆ ಮಾರುತ್ತಿದ್ದಾಳೆಂದು ದೊರೆ ತಿಳಿದ. ಅವನ ಕಣ್ಣಲ್ಲಿ ನೀರು ಬಂದದ್ದನ್ನು ಊರು ಕಂಡದ್ದು ಅದೇ ಮೊದಲು. ಕುದುರೆಯ ಚೀಲಕ್ಕೆ ಕೈಹಾಕಿ ಹಿಡಿ ತೌಡು ತೆಗೆದು ಮೊರದಲ್ಲಿ ಹಾಕಿದ. ನಿಮ್ಮ ಮನೆತನದ ಹೆಸರು ಕೊಡಿ ಎಂದು ಅತ್ತೆ ಕೇಳಿದಳು. ಕೊಟ್ಟ.

ಆಮೇಲೆ ಎರಡು ವರ್ಷ ಎಲ್ಲವೂ ಚೆನ್ನಾಗಿತ್ತು, ಅದೇ ಕೆಟ್ಟದ್ದಾಯಿತು. ಕಾಟವ್ವ ತನ್ನ ಕೂಸನ್ನು ಪರರ ಕೂಸೆಂದು ನಟಿಸುತ್ತಾ ಸಾಕಿದಳು. ದೊರೆ ಪರರ ಕೂಸನ್ನು ತನ್ನದೆಂದೇ ನಂಬಿ ಪ್ರೀತಿಸಿದ. ಅವಳು ಹಾಲೂಡಿಸುವ ದಾದಿ ಎಂದು ಅವನ ಎಣಿಕೆ, ಅವನು ಶಾಸ್ತ್ರಕ್ಕೆ ಕೊಂಡವನು ಎಂದು ಅವಳ ಎಣಿಕೆ. ಯಾವ ದಿಕ್ಕಿಗೆ ಅಳೆಯಲು ಹೋದರೂ ಹದಿನೈದು ದಿನಕ್ಕೊಮ್ಮೆ ಈ ಗುಡ್ಡಕ್ಕೆ ವಾಪಸು ಬರುತ್ತಿದ್ದ. ಹುಡುಗನನ್ನು ಹೆಗಲ ಮೇಲೆ ಕೂರಿಸಿಕೊಂಡು ಗುಡ್ಡ ಹತ್ತುತ್ತಿದ್ದ, ದುರ್ಬೀನಿನೊಳಗೆ ದೂರದ ಊರುಗಳನ್ನು ತೋರಿಸುತ್ತಿದ್ದ. ಬಿಸಿಲೇರಿದಾಗ ಹುಡುಗನನ್ನು ಕೂರಿಸಿ ತಾನು ಸೂರ್ಯನಿಗೆ ಅಡ್ಡ ನಿಲ್ಲುತ್ತಿದ್ದ. ಕೊಡೆ ಇದ್ದರೂ ಬಿಡಿಸುತ್ತಿರಲಿಲ್ಲ. ಹುಡುಗ ಅವನನ್ನು ‘ಅಪ್ಪ’ ಎಂದಾಗ ಸೂರಯ್ಯ ಸುಮ್ಮನೆ ಸರಪಳಿ ಸುತ್ತಿಕೊಂಡು ಆಚೆ ಹೋಗುತ್ತಿದ್ದ. ಕಾಟವ್ವನನ್ನು ಹುಡುಗ ‘ಅಕ್ಕ’ ಎನ್ನುತ್ತಿದ್ದ. ಇನ್ನೆಷ್ಟು ದಿನ, ಜವಳ ಆಗಲಿ, ಎಂದು ಅವಳು ಹೊಟ್ಟೆಯೊಳಗೇ ಇಟ್ಟುಕೊಂಡಿದ್ದಳು. ಹೆತ್ತ ಹೊಟ್ಟೆ ಹೇಗೆ ತಡೆಯಿತೋ ಶಿವನೇ ಬಲ್ಲ.

ಮೂರನೆಯ ವರ್ಷ ದೊರೆಗೆ ಉತ್ತರ ಸೀಮೆಗೆ ಹೋಗುವ ಹುಕುಂ ಬಂತು. ಹುಡುಗನನ್ನೂ ಕರೆದೊಯ್ಯಲು ಅವನು ಸಣ್ಣದೊಂದು ಪಲ್ಲಕ್ಕಿ ಮಾಡಿಸಿದ. ಪಲ್ಲಕ್ಕಿ ನೋಡಿದ ಮೇಲೆ ಊರಿಗೆ ಎಚ್ಚರವಾಯಿತು. ಸಿಕ್ಕಿದ ದಿನವೇ ಜವಳ ಎಂದು ನಿಶ್ಚಯಿಸಿ, ಕ್ಷೌರಿಕನನ್ನು ಕರೆಸಿ, ಎತ್ತಿಟ್ಟಿದ್ದ ತೌಡನ್ನು ಮೊರದಲ್ಲಿ ಹಾಕಿ, ದೊರೆಯನ್ನು ತಿಪ್ಪೆಗೆ ಬರಹೇಳಿದರು. ಅಷ್ಟು ಹೊತ್ತಿಗೆ ನರಸಿಂಗರಾಯ ಪದ್ಧತಿಯೇನೆಂದು ಸರಿಯಾಗಿ ವಿಚಾರಿಸಿ ತಿಳಿದಿದ್ದ. ಮೈ ಬೆವತು, ಒಂದೊಂದೇ ಮಾತಾಗಿ ದೊರೆಗೆ ಹೇಳಿದ. ಕಾಟವ್ವ ಅವನ ಬೂಟು ಮುಟ್ಟಿ, “ಮೂರು ಮಾತು ಹೇಳಿಬಿಡಿ ನನ್ನಪ್ಪಾ. ಇಲ್ಲಿತನಕ ಐದು ಹೆತ್ತೆ, ಒಂದು ಬಾಯಿಂದಲೂ ಅವ್ವ ಅನ್ನಿಸಿಕೊಂಡಿಲ್ಲ” ಎಂದಳು. ದೊರೆ ಬೂಟು ಹಿಂದಕ್ಕೆ ತೆಗೆದುಕೊಂಡ. ಮೇಲೆ ಹೋಗಿ ಬರುತ್ತೇನೆ, ಬಂದು ಹೇಳುತ್ತೇನೆ, ಎಂದು ದುಭಾಷಿಯ ಬಾಯಲ್ಲಿ ಹೇಳಿಸಿ ಒಬ್ಬನೇ ಗುಡ್ಡ ಹತ್ತಿದ. ಹೊತ್ತು ನೆತ್ತಿಗೆ ಬಂತು, ವಾಲಿತು. ಕ್ಷೌರಿಕ ಕತ್ತಿ ಒರೆಸಿಕೊಂಡು ಕೂತೇ ಇದ್ದ. ಕಡೆಗೆ ಸೂರಯ್ಯ ಹತ್ತಿ ನೋಡಿದರೆ ದೊರೆ ಕಲ್ಲುಗುಪ್ಪೆಗೆ ಒರಗಿ, ಊರ ಕಡೆ ಮುಖಮಾಡಿ, ಕಣ್ಣು ಬಿಟ್ಟುಕೊಂಡೇ ಸತ್ತಿದ್ದ. ಬಿಸಿಲು ಬಡಿಯಿತು ಎಂದವರುಂಟು, ಎದೆ ಒಡೆಯಿತು ಎಂದವರುಂಟು. ಬಂದು ಹೇಳುತ್ತಿದ್ದನೋ, ಹೇಳಲಾರೆ ಎಂದೇ ಹತ್ತಿಹೋದನೋ, ಇವತ್ತಿಗೂ ಯಾರಿಗೂ ಗೊತ್ತಿಲ್ಲ. ಅವನನ್ನು ಅಲ್ಲೇ ಮಣ್ಣುಮಾಡಿ, ಗುಪ್ಪೆಯ ಕಲ್ಲುಗಳನ್ನು ಅವನ ಮೇಲೆ ಪೇರಿಸಿದರು.

ಡೇರೆಗಳು ಎದ್ದುಹೋದವು. ಹುಡುಗ ಮಾತ್ರ ಯಾರ ಮಗನೂ ಅಲ್ಲದೆ ಉಳಿದ. ಜವಳ ಮಾಡುವಂತಿಲ್ಲ, ಅವ್ವ ಎನ್ನಿಸುವಂತಿಲ್ಲ. ಮಾರಿದ್ದು ನಿಜ, ಮರಳಿ ಕೊಟ್ಟಿಲ್ಲ. ಅದಾದ ಒಂಬತ್ತನೆಯ ದಿನದಿಂದ ಹುಡುಗ ಮಟಮಟ ಮಧ್ಯಾಹ್ನ ಮನೆಯಿಂದ ಕಾಣೆಯಾಗತೊಡಗಿದ. ಹುಡುಕಿ ಹೋದರೆ ಗುಡ್ಡದ ತುದಿಯಲ್ಲಿ ಆಡುತ್ತಿರುತ್ತಿದ್ದ. ಮೂರು ವರ್ಷದ ಮಗು ಅಷ್ಟು ಎತ್ತರ ಹೇಗೆ ಹತ್ತಿತು ಎಂದರೆ, “ಅಪ್ಪ ಎತ್ತಿಕೊಂಡ” ಎನ್ನುತ್ತಿದ್ದ. ಸೂರಯ್ಯ ಮೊದಲ ಸಲ ನೋಡಿದವನು ಮನೆಗೆ ಬಂದು ಕಂಬಳಿ ಹೊದ್ದು ಮಲಗಿದ, ಮೂರು ದಿನ ಏಳಲಿಲ್ಲ. ಅವನು ಕಂಡದ್ದು ಇಷ್ಟೇ. ನಡುಹಗಲಿನಲ್ಲಿ ಕಲ್ಲುಗುಪ್ಪೆಗೆ ನೆರಳಿರುವುದಿಲ್ಲ, ಮರವಂತೂ ಅಲ್ಲಿ ಇಲ್ಲವೇ ಇಲ್ಲ. ಬಂಡೆ ಕೆಂಡದಂತೆ ಕಾದಿತ್ತು. ಹುಡುಗ ಮಾತ್ರ ನೆರಳಿನಲ್ಲಿ ಕೂತಿದ್ದ. ಆಳೆತ್ತರದ, ತಲೆ ಭುಜ ಎಲ್ಲ ಇರುವ ನೆರಳು. ನಿಂತವರು ಯಾರೂ ಇರಲಿಲ್ಲ. ಹುಡುಗ ದಿನದಿನಕ್ಕೆ ತೆಳ್ಳಗಾದ, ಮನೆಯ ಅನ್ನ ಸೇರಲಿಲ್ಲ, ಕಾಟವ್ವ ಕರೆದರೆ ತಿರುಗಿ ನೋಡುವುದನ್ನೂ ಬಿಟ್ಟ. ದೊರೆ ತನ್ನ ಮಗನನ್ನು ಕರೆದುಕೊಂಡು ಹೋಗುತ್ತಿದ್ದಾನೆ ಎಂದು ಊರವರೆಲ್ಲ ಮೆಲ್ಲಗೆ ಮಾತಾಡಿಕೊಂಡರು.

ಕಾಟವ್ವ ಕೂಗಾಡುವ ಹೆಂಗಸಲ್ಲ. ಅವತ್ತು ಮೊರದಲ್ಲಿ ಆ ಹಳೆಯ ತೌಡನ್ನು ಹಾಕಿಕೊಂಡು ನಡುಹಗಲಿಗೆ ಸರಿಯಾಗಿ ಗುಡ್ಡದ ತುದಿಯಲ್ಲಿ ನಿಂತಳು. ಹುಡುಗ ನೆರಳಿನಲ್ಲಿ ನಿದ್ದೆಹೋಗಿದ್ದ. ತೌಡನ್ನು ಬಂಡೆಯ ಮೇಲೆ ಸುರಿದು, “ತಗೋ ನಿನ್ನ ತೌಡು, ಹೇಳು ಮೂರು ಮಾತು” ಎಂದಳು. ಗುಡ್ಡದ ಮೇಲೆ ಗಾಳಿ ಭೋರೆಂದು ಬೀಸುತ್ತಿತ್ತು, ಅವಳ ಸೆರಗು ನಿಲ್ಲುತ್ತಿರಲಿಲ್ಲ. ತೌಡಿನ ಒಂದು ಹೊಟ್ಟೂ ಅಲುಗಲಿಲ್ಲ. ಆಗ ಅವಳು ಬೈದಳು. “ಏ ದೊರೆ, ನಿನಗೆ ಹೆಂಡರಿಲ್ಲ ಮಕ್ಕಳಿಲ್ಲ ಅಂತ ನನ್ನ ಹೊಟ್ಟೆ ಮೇಲೆ ಕಣ್ಣು ಹಾಕಿದ್ಯಾ? ನಿನ್ನ ಮನೆ ಹಾಳಾಗ!” ಎಂದು ಅರ್ಧ ಬೈದವಳು ಅಲ್ಲೇ ನಿಲ್ಲಿಸಿದಳಂತೆ. ಅವನ ಮನೆ ಆಗಲೇ ಹಾಳಾಗಿತ್ತಲ್ಲ, ಕಡಲು ತಿಂದಿತ್ತಲ್ಲ. ಅವಳಿಗೆ ಅಳು ಬಂತು. ತನ್ನ ನಾಲ್ಕು ಕೂಸುಗಳಿಗಾಗಿ ಅತ್ತಳೋ ಅವನಿಗಾಗಿ ಅತ್ತಳೋ, ಬಂಡೆಯ ಮೇಲೆ ಕೂತು ಹೊಟ್ಟೆತುಂಬ ಅತ್ತಳು. ಆಮೇಲೆ ಕಣ್ಣೊರೆಸಿಕೊಂಡು ಹೇಳಿದಳು: “ಹೋಗಲಿ ಬಿಡು, ಹೇಳಬೇಡ. ಇವನು ನಿನ್ನವನೇ ಆಗಿರಲಿ. ನಿನ್ನ ಹೆಸರು ಹೊತ್ತುಕೊಂಡು ತಿರುಗಲಿ, ಇವನ ಮಕ್ಕಳೂ ಹೊರಲಿ. ಆದರೆ ಅಪ್ಪ ಆದವನು ಮಗನನ್ನು ಬದುಕಿಸಬೇಕು, ಸಾಯಿಸಬಾರದು. ನಿನ್ನ ಹೆಸರು ನಾನು ಉಳಿಸುತ್ತೀನಿ, ನನ್ನ ಕೂಸನ್ನು ನೀನು ಉಳಿಸು. ನನ್ನನ್ನು ಇವನು ಅಕ್ಕ ಅಂತಲೇ ಅನ್ನಲಿ.” ಬಂಡೆಯ ಮೇಲಿನ ತೌಡು ಒಮ್ಮೆಗೇ ಎದ್ದು ಗಾಳಿಗೆ ಹಾರಿತು. ನೆರಳು ಹುಡುಗನ ಮೇಲಿಂದ ಸರಿಯಿತು. ಬಿಸಿಲು ಕಣ್ಣಿಗೆ ಹೊಡೆದು ಎಚ್ಚರಾದ ಹುಡುಗ, “ಅಕ್ಕಾ, ಹಸಿವು” ಎಂದ.

ಆ ಹುಡುಗ ಎಂಬತ್ತನಾಲ್ಕು ವರ್ಷ ಬದುಕಿದ, ಏಳು ಮಕ್ಕಳನ್ನು ಪಡೆದ, ಎಲ್ಲರಿಗೂ ಕೆಲ್ವಿಕ್ ಎಂದೇ ಹೆಸರು ನಡೆಯಿತು. ಕೂಸು ಉಳಿಯದ ಮನೆಗಳವರು ಇದನ್ನು ಕಂಡು ತಮ್ಮ ಕೂಸುಗಳನ್ನೂ ಮೊರದಲ್ಲಿಟ್ಟುಕೊಂಡು ಗುಡ್ಡ ಹತ್ತಿದರು. ಹಾಗೆ ಗುಡ್ಡಕ್ಕೂ ಮನುಷ್ಯರಿಗೂ ಒಂದೇ ಹೆಸರಾಯಿತು. ಗುಡ್ಡಕ್ಕೆ ಮಾರಿದ ಕೂಸು ಬದುಕುತ್ತದೆ, ಆದರೆ ಗುಡ್ಡ ಬಾಯಿಬಿಟ್ಟು ಮರಳಿ ಕೊಡುವುದಿಲ್ಲ. ಹಾಗಾಗಿ ಮಾರಿದವಳನ್ನು ಮಗು ಕಡೆತನಕ ಅಕ್ಕ ಎನ್ನಬೇಕು. ಕಾಟವ್ವ ಸಾಯುವಾಗ ಮಗನ ತಲೆ ನರೆತಿತ್ತು. ಅವಳ ಮಣ್ಣಿನ ದಿನ ಅವನು ಮಗನಾಗಿ ಅಲ್ಲ, ತಮ್ಮನಾಗಿ ಹಿಡಿ ಮಣ್ಣು ಹಾಕಿದ ಎನ್ನುತ್ತಾರೆ. ಇದನ್ನು ಹೇಳುವಾಗ ನಮ್ಮೂರಿನ ಎಂಥ ಗಟ್ಟಿ ಗಂಡಸರ ದನಿಯೂ ಇಳಿಯುತ್ತದೆ. ನನಗಿಂತ ಮೊದಲು ನಮ್ಮ ಮನೆಯಲ್ಲಿ ಮೂರು ಕೂಸು ಹೋಗಿದ್ದವು. ನನ್ನ ತಾಯಿ ಗಾದ್ರಮ್ಮ ನನ್ನನ್ನು ಹತ್ತು ದಿನದವನಿದ್ದಾಗ ಈ ಬಂಡೆಯ ಮೇಲೆ ಮಲಗಿಸಿ ತೌಡು ಹಾಕಿ ಬಂದಳು. ಅವಳಿಗೀಗ ತೊಂಬತ್ತೊಂದು, ನನಗೆ ಅರವತ್ತೊಂಬತ್ತು. ಈ ಹೋದ ಮಾಘಮಾಸದವರೆಗೆ ನಾನು ಅವಳನ್ನು ಅಕ್ಕ ಎಂದೇ ಕರೆದಿದ್ದೆ.

ಆ ಮಾಘದಲ್ಲಿ ಇಂಗ್ಲೆಂಡಿನಿಂದ ಮಾರ್ಜರಿ ಕೆಲ್ವಿಕ್ ಎಂಬ ಎಪ್ಪತ್ತು ದಾಟಿದ ಹೆಂಗಸು ಬಂದರು. ಅಲ್ಲಿನ ಮೂವರಲ್ಲಿ ಒಬ್ಬರು, ದೊರೆಗೆ ಗೊತ್ತಿರದ ಆ ದಾಯಾದಿ ಕವಲಿನವರು. ತಮ್ಮ ಹೆಸರಿನವರು ಲೋಕದಲ್ಲಿ ಎಲ್ಲೆಲ್ಲಿದ್ದಾರೆ ಎಂದು ಹುಡುಕುತ್ತಾ, ನಮ್ಮ ಮತದಾರರ ಪಟ್ಟಿ ಕಣ್ಣಿಗೆ ಬಿದ್ದು, ನಂಬಲಾಗದೆ ಬಂದಿದ್ದರು. ನನ್ನ ಅಂಚೆ ಇಂಗ್ಲಿಷಿನಲ್ಲಿ ನಾನು ಈ ಕಥೆಯನ್ನೆಲ್ಲ ಹೇಳಿದೆ. ಹೇಳುತ್ತಾ ಹೇಳುತ್ತಾ ನನಗೇ ಹೊಳೆಯಿತು: ಕೊಂಡವನು ಸತ್ತರೆ ಅವನ ವಾರಸುದಾರರು ಆ ಮೂರು ಮಾತು ಹೇಳಬಹುದಲ್ಲ! ಒಂಬತ್ತು ಊರಲ್ಲಿ ಸುದ್ದಿ ಹಬ್ಬಿತು. ಮಾರಿಸಿಕೊಂಡವರಲ್ಲಿ ಹೆತ್ತವರು ಜೀವಂತ ಇರುವವರು ಆರೇ ಜನ, ನಾನೇ ಹಿರಿಯ. ಆಕೆ ಒಪ್ಪಿದರು, ಮಾತುಗಳನ್ನು ಕನ್ನಡದಲ್ಲಿ ಬಾಯಿಪಾಠ ಮಾಡಿದರು. ಗುಡ್ಡ ಹತ್ತುವ ಬೆಳಿಗ್ಗೆ ನನ್ನ ತಾಯಿ ಎಣ್ಣೆ ಹಚ್ಚಿ ತಲೆ ಬಾಚಿಸಿಕೊಂಡು ಜಗಲಿಯಲ್ಲಿ ಕೂತಳು. “ಆ ಯಮ್ಮ ಹೇಳಿದ ತಕ್ಷಣ ಓಡಿ ಬಾರೋ, ನಿಧಾನ ಮಾಡಬೇಡ” ಎಂದಳು. ಅರವತ್ತೊಂಬತ್ತರ ಮಂಡಿಗೆ ಓಡಿ ಬಾ ಎಂದರೆ ಹೇಗೆ? ಆಯಿತು ಅಕ್ಕ, ಎಂದೆ.

ಕಲ್ಲುಗುಪ್ಪೆಯ ಎದುರು ನಾವು ಇನ್ನೂರು ಜನ ನಿಂತಿದ್ದೆವು. ಮಾರ್ಜರಿಯಮ್ಮ ಸೆರಗೊಡ್ಡುವಂತೆ ತಮ್ಮ ಶಾಲು ಒಡ್ಡಿದರು, ಅದರೊಳಗೆ ನಾನು ತೌಡು ಹಾಕಿದೆ. “ನನ್ನದಲ್ಲ, ನಿನ್ನದೇ, ತಗೋ” ಎಂದು ಒಂದು ಸಲ ಹೇಳಿದರು, ಎರಡು ಸಲ ಹೇಳಿದರು. ಮೂರನೆಯ ಸಲಕ್ಕೆ ತಲೆಯೆತ್ತಿ ನಮ್ಮನ್ನು ನೋಡಿದರು. ದಾದಾಪೀರನ ಮೊಮ್ಮಗಳು ಆಕೆಯ ಬೆರಳು ಹಿಡಿದುಕೊಂಡು ನಿಂತಿದ್ದಳು, ಅವಳೂ ಕೆಲ್ವಿಕ್ಕೇ. ಆಕೆಯ ಬಾಯಿ ತೆರೆದೇ ಇತ್ತು, ಮಾತು ಹೊರಡಲಿಲ್ಲ. ನಾವು ಕಾದೆವು. ಆಕೆ ತೌಡಿನ ಶಾಲನ್ನು ಎದೆಗವುಚಿಕೊಂಡು ಕುಸಿದು ಕೂತರು. ಆಗ ನಡುಹಗಲು, ಮೋಡವೇ ಇಲ್ಲ, ಕೂತಿದ್ದ ಆಕೆಯ ಮೇಲೆ ಆಳೆತ್ತರದ ನೆರಳು ಬಿದ್ದಿತ್ತು. ಇನ್ನೂರು ಜನರೂ ಕಂಡೆವು. ಯಾರೂ ಒತ್ತಾಯ ಮಾಡಲಿಲ್ಲ. ನನಗೆ ಸಿಟ್ಟು ಬಂತು, ಸಂಕಟ ಬಂತು, ಆಕೆಯ ಮುಖ ನೋಡಿದ ಮೇಲೆ ಎರಡೂ ಹೋದವು. ಬಿಡಮ್ಮ, ಏಳು, ಎಂದು ಕೈಹಿಡಿದು ಎಬ್ಬಿಸಿ ಇಳಿಸಿಕೊಂಡು ಬಂದೆ.

ಊರ ಬಾಗಿಲಲ್ಲಿ ಆಕೆಯನ್ನು ಉಳಿದವರಿಗೆ ಒಪ್ಪಿಸಿ ನಾನೊಬ್ಬನೇ ಮನೆಗೆ ಬಂದೆ. ತಾಯಿ ಜಗಲಿಯಲ್ಲಿ ಕೂತ ಹಾಗೇ ಕೂತಿದ್ದಳು, ಬೆಳಗಿನಿಂದ ನೀರನ್ನೂ ಕುಡಿದಿರಲಿಲ್ಲ. “ಹೇಳಿದಳೇನೋ?” ಎಂದಳು. ಅವಳ ಕಣ್ಣು ಮಂಜಾಗಿದೆ, ನನ್ನ ಮುಖ ಕಾಣುವುದಿಲ್ಲ. ಇಷ್ಟು ವರ್ಷ ಯಾರ ಮನೆಗೂ ತಪ್ಪು ಕಾಗದ ಕೊಟ್ಟವನಲ್ಲ ನಾನು. “ಹೇಳಿದಳು ಅವ್ವಾ” ಎಂದೆ. ಅವಳು ‘ಓ’ ಎಂದಳು. ದಿನಾ ಕರೆಸಿಕೊಂಡು ರೂಢಿಯಿದ್ದವಳ ಹಾಗೆ, ಏನು ಮಗಾ, ಎಂದಳು. ನಾನು ಅವಳ ಮಡಿಲಲ್ಲಿ ತಲೆಯಿಟ್ಟು ಅತ್ತೆ, ಮುಚ್ಚಿಡುವುದೇಕೆ. ಮರುದಿನ ನಡುಹಗಲಿಗೆ ಗುಡ್ಡ ಹತ್ತಿ ಬಂಡೆಯ ಮೇಲೆ ಕೂತು ನೋಡಿದೆ. ಮಾರಿಸಿಕೊಂಡ ನಮ್ಮಂಥವರು ಅಲ್ಲಿ ಕೂತರೆ ನೆತ್ತಿ ತಂಪಾಗುತ್ತಿತ್ತು, ಚಿಕ್ಕಂದಿನಿಂದ ಬಲ್ಲೆ. ಅವತ್ತು ಬಿಸಿಲು ನೇರ ನೆತ್ತಿಗೆ ಹೊಡೆಯಿತು. ನನ್ನ ಪಾಲಿನ ನೆರಳು ಮುಗಿಯಿತೆಂದು ತಿಳಿದು ಇಳಿದೆ. ಹೆದರಿಕೆ ಆಗಲಿಲ್ಲ ಎಂದರೆ ಸುಳ್ಳಾಗುತ್ತದೆ.

ಈಗ ಗುಡ್ಡಕ್ಕೆ ಬರುವವರು ಕಲ್ಲುಗುಪ್ಪೆ ನೋಡುತ್ತಾರೆ, ತೌಡು ನೋಡುತ್ತಾರೆ, ಧೈರ್ಯವಿದ್ದವರು ನಡುಹಗಲಿನವರೆಗೆ ಕಾದು ಕೂರುತ್ತಾರೆ. ಇಳಿಯುವ ದಾರಿ ನಮ್ಮ ಮನೆಯ ಮುಂದೆಯೇ ಹಾದುಹೋಗುತ್ತದೆ. ಜಗಲಿಯಲ್ಲಿ ನನ್ನವ್ವ ಕೂತಿರುತ್ತಾಳೆ. ಹೆಜ್ಜೆ ಸದ್ದು ಕೇಳಿದರೆ ಸಾಕು, ಯಾರೇ ಆಗಲಿ, ಕೂಗಿ ನಿಲ್ಲಿಸುತ್ತಾಳೆ: “ಯಾರಪ್ಪಾ ಅದು, ಆ ಯಮ್ಮ ಮೂರು ಸಲವೂ ಹೇಳಿದಳಂತಲ್ಲ, ನಿಮಗೆ ಗೊತ್ತಾ?” ಒಂಬತ್ತು ಊರಿಗೂ ನಿಜ ಗೊತ್ತಿದೆ, ಇದುವರೆಗೆ ಒಬ್ಬರೂ ಬಾಯಿಬಿಟ್ಟಿಲ್ಲ. ನಿಮ್ಮನ್ನೂ ಕೇಳುತ್ತಾಳೆ. ಹೌದಮ್ಮ, ಮೂರು ಸಲವೂ ಹೇಳಿದರು, ಅನ್ನಿ.